ಎದ್ದು ನಿಂತ ಮರಿಗೂ ಪೆಟ್ಟಾಗಿರಬಹುದು

ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಪ್ರತಿವರ್ಷ ಮಕರ ಸಂಕ್ರಾಂತಿಗೆ ಮೈಲಾರಲಿಂಗೇಶ್ವರನ ಜಾತ್ರೆ ಕೂಡುತ್ತದೆ. ಮಲ್ಲಯ್ಯನ ಪಲ್ಲಕ್ಕಿ ಗಂಗಾಸ್ನಾನಕ್ಕೆ ಹೊರಟಾಗ ಭಕ್ತರು ಅದರ ಮೇಲೆ ಭಂಡಾರ ಎರಚುತ್ತಾರೆ. ತಮ್ಮ ಹಿಂಡಿಗೆ ರೋಗರುಜಿನ ಬಾರದಿರಲಿ ಎಂದು ಹರಕೆ ಹೊತ್ತವರು ಎಳೆಯ ಕುರಿಮರಿಗಳನ್ನು ಪಲ್ಲಕ್ಕಿಯ ಮೇಲೆ ಹಾರಿಸುವ ರೂಢಿಯೂ ಬಹಳ ಕಾಲದಿಂದ ಬಂದಿದೆ. ಹಲವು ವರ್ಷಗಳಿಂದ ಜಿಲ್ಲಾಡಳಿತವು ಇದನ್ನು ನಿಷೇಧಿಸುತ್ತಿದೆ. ಜಾತ್ರೆಗೆ ಬರುವ ದಾರಿಗಳಲ್ಲಿ ತಪಾಸಣೆ ನಡೆಸಿ, ಭಕ್ತರು ತಂದ ಮರಿಗಳನ್ನು ವಶಕ್ಕೆ ಪಡೆಯಲಾಗುತ್ತದೆ. ಹಾಗಿದ್ದೂ ಕಣ್ಣು ತಪ್ಪಿಸಿ ಹಾರಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದುಂಟು.

ಈ ಬಗ್ಗೆ ಮಾತು ಬಂದಾಗ ಕೇಳಿಬರುವ ಒಂದು ವಾದವಿದೆ. "ಬಿದ್ದ ಮರಿ ಎದ್ದು ಓಡ್ತದ್ರಿ, ಅದಕ್ಕೇನೂ ಆಗಂಗಿಲ್ಲ." ಇದೇ ಮಾತನ್ನು ಶಹಾಪುರದಿಂದ ಸುರಪುರಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲೂ ಕೇಳಬಹುದು. ಸಂಜೆ ಹಿಂಡು ರಸ್ತೆ ದಾಟುವಾಗ ಲಾರಿಯೋ ಟಂಟಂ ಗಾಡಿಯೋ ಒಂದು ಕುರಿಗೆ ತಾಗುತ್ತದೆ. ಕುರಿ ಉರುಳುತ್ತದೆ, ಮರುಕ್ಷಣ ಎದ್ದು ಹಿಂಡಿನೊಳಗೆ ಸೇರಿಕೊಳ್ಳುತ್ತದೆ. ರಕ್ತವಿಲ್ಲ, ಕುಂಟಿಲ್ಲ. "ಎದ್ದು ನಿಂತದ, ಏನೂ ಆಗಿಲ್ಲ ಬಿಡ್ರಿ" ಎಂದು ಎಲ್ಲರೂ ಹಗುರಾಗುತ್ತಾರೆ. ಬೆಳಗ್ಗೆ ನೋಡಿದರೆ ಆ ಕುರಿ ಹಟ್ಟಿಯಲ್ಲಿ ಸತ್ತು ಬಿದ್ದಿರುತ್ತದೆ. ದೃಷ್ಟಿ ತಾಗಿತು ಎನ್ನುವವರೂ ಇದ್ದಾರೆ, ಹಾವು ಮುಟ್ಟಿತು ಎನ್ನುವವರೂ ಇದ್ದಾರೆ.

ಹಾಗಾದರೆ ಎದ್ದು ನಿಲ್ಲುವುದು ಪೆಟ್ಟಾಗಿಲ್ಲ ಎಂಬುದಕ್ಕೆ ಸಾಕ್ಷಿಯೆ?

ನೋವನ್ನು ಅಡಗಿಸುವ ಪ್ರಾಣಿ

ನಾಯಿಯ ಕಾಲು ತುಳಿದರೆ ಊರೆಲ್ಲ ಕೇಳುವಂತೆ ಕೂಗುತ್ತದೆ. ಕುರಿ ಹಾಗಲ್ಲ. ಮರಿ ಕಾಣದಿದ್ದರೆ ಬ್ಯಾ ಎಂದು ಅರಚುವ ಕುರಿಯೇ ಮೂಳೆ ಮುರಿದಾಗ ಮೌನವಾಗಿರುತ್ತದೆ. ಇದಕ್ಕೆ ಕಾರಣ ಅದರ ಪೂರ್ವೇತಿಹಾಸದಲ್ಲಿದೆ. ಕುರಿ, ಆಡು, ಮೊಲ, ಗಿನಿಪಿಗ್ ಇವೆಲ್ಲ ಬೇಟೆಗೆ ಬಲಿಯಾಗುತ್ತ ಬಂದ ಪ್ರಾಣಿಗಳು. ತೋಳವು ಹಿಂಡನ್ನು ಅಟ್ಟಿಸಿಕೊಂಡು ಹೋಗುವಾಗ ಕುಂಟುವ, ಹಿಂದೆ ಬೀಳುವ ಪ್ರಾಣಿಯನ್ನೇ ಆರಿಸಿಕೊಳ್ಳುತ್ತದೆ. ನೋವನ್ನು ತೋರಿಸಿಕೊಂಡವು ಬದುಕಿ ಸಂತಾನ ಬೆಳೆಸುವ ಸಂಭವ ಕಡಿಮೆ. ಸಾವಿರಾರು ತಲೆಮಾರುಗಳಲ್ಲಿ ಉಳಿದುಬಂದದ್ದು ನೋವನ್ನು ಅಡಗಿಸಿಕೊಳ್ಳುವ ಗುಣ. ಉತ್ತರ ಕರ್ನಾಟಕದ ಕುರುಚಲು ಬಯಲುಗಳಲ್ಲಿ ಇಂದಿಗೂ ತೋಳಗಳಿವೆ. ನಮ್ಮ ಕುರಿಯ ಪಾಲಿಗೆ ಇದು ಕೇವಲ ಹಳೆಯ ಕಥೆಯೇನಲ್ಲ.

ಇದರ ಜೊತೆಗೆ ಇನ್ನೊಂದು ಅಂಶವಿದೆ. ಪೆಟ್ಟು ಬಿದ್ದ ಕೂಡಲೇ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಗುಂಡಿಗೆ ಜೋರಾಗಿ ಬಡಿಯುತ್ತದೆ, ಸ್ನಾಯುಗಳಿಗೆ ಹೆಚ್ಚು ರಕ್ತ ಹರಿಯುತ್ತದೆ. ಮಿದುಳಿನಲ್ಲಿ ಉತ್ಪತ್ತಿಯಾಗುವ ಎಂಡಾರ್ಫಿನ್‌ಗಳು ನೋವನ್ನು ತಾತ್ಕಾಲಿಕವಾಗಿ ಮರೆಸುತ್ತವೆ. ಆದ್ದರಿಂದ ಏಟು ತಿಂದ ಮೊದಲ ಕೆಲವು ನಿಮಿಷಗಳಲ್ಲಿ ಕುರಿ ಓಡಿತು ಎಂಬುದರಿಂದ ತಿಳಿಯುವುದು ಇಷ್ಟೇ: ಅದಕ್ಕೆ ಓಡುವಷ್ಟು ಹೆದರಿಕೆಯಾಗಿದೆ.

ಮುಖ ಹೇಳುವುದೇನು?

ಮಾತು ಬಾರದ ಪ್ರಾಣಿಯ ನೋವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ವಿಜ್ಞಾನಿಗಳನ್ನು ಬಹುಕಾಲ ಕಾಡಿತ್ತು. 2010ರಲ್ಲಿ ಕೆನಡದ ಜೆಫ್ರಿ ಮೊಗಿಲ್ ಮತ್ತು ಸಂಗಡಿಗರು ಇಲಿಗಳ ಮುಖಭಾವದಿಂದಲೇ ನೋವಿಗೆ ಅಂಕ ಕೊಡುವ ವಿಧಾನವನ್ನು ಪ್ರಕಟಿಸಿದರು. ಆಮೇಲೆ ಮೊಲ, ಕುದುರೆ ಮುಂತಾದ ಪ್ರಾಣಿಗಳಿಗೂ ಇಂಥ ಮಾಪಕಗಳು ಬಂದವು. ಕುರಿಗಳ ಮಾಪಕವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಕ್ರಿಸ್ಟಾ ಮೆಕ್ಲೆನನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದರು. ಗೊರಸು ಕೊಳೆತ ಹಾಗೂ ಕೆಚ್ಚಲು ಬಾವು ಆದ ಕುರಿಗಳನ್ನು ಆರೋಗ್ಯವಂತ ಕುರಿಗಳೊಡನೆ ಹೋಲಿಸಿ ಇದನ್ನು ರೂಪಿಸಲಾಯಿತು.

ನೋಡಬೇಕಾದದ್ದು ಐದು ಕಡೆ. ನೋವಿರುವ ಕುರಿಯ ಕಣ್ಣು ಅರೆಮುಚ್ಚಿ ಕಿರಿದಾಗುತ್ತದೆ. ಕೆನ್ನೆಯ ಸ್ನಾಯು ಬಿಗಿಯುತ್ತದೆ. ಕಿವಿಗಳು ಹಿಂದಕ್ಕೆ ಜಗ್ಗಿ, ಎದುರಿನಿಂದ ನೋಡುವವರಿಗೆ ಕಿವಿಯ ಒಳಭಾಗ ಕಾಣದಾಗುತ್ತದೆ. ತುಟಿ ಮತ್ತು ದವಡೆಯ ಅಂಚು ಬದಲಾಗುತ್ತದೆ. ಮೂಗಿನ ಹೊಳ್ಳೆಗಳ ನಡುವಿನ ಆಕಾರ ಸಾಮಾನ್ಯವಾಗಿ ಇಂಗ್ಲಿಷಿನ 'ಯು' ಅಕ್ಷರದಂತೆ ಅಗಲವಾಗಿರುತ್ತದೆ. ನೋವಿನಲ್ಲಿ ಅದು 'ವಿ'ಯಂತೆ ಚೂಪಾಗುತ್ತದೆ. "ಕುರಿ ಮಾರಿ ಸಣ್ಣದ ಮಾಡ್ಯದ" ಎಂದು ಅನುಭವಿ ಕುರಿಗಾರ ಒಂದೇ ಮಾತಿನಲ್ಲಿ ಹೇಳುವುದನ್ನೇ ಈ ಮಾಪಕ ಬಿಡಿಸಿ ಹೇಳುತ್ತದೆ ಎನ್ನಬಹುದು. ವ್ಯತ್ಯಾಸವೆಂದರೆ ಅನುಭವವಿಲ್ಲದ ಹುಡುಗನೂ ಇದನ್ನು ಒಂದು ವಾರದಲ್ಲಿ ಕಲಿಯಬಲ್ಲ.

ಹಿಡಿಯುವ ಮುನ್ನ ದೂರದಿಂದ ನೋಡಿ

ಪೆಟ್ಟು ಬಿದ್ದಿರಬಹುದೆಂಬ ಅನುಮಾನ ಬಂದ ಕೂಡಲೇ ಅಟ್ಟಿಸಿಕೊಂಡು ಹೋಗಿ ಹಿಡಿಯಬಾರದು. ಹಿಡಿದರೆ ಹೆದರಿಕೆಯಿಂದ ಉಸಿರು, ನಾಡಿ ಎಲ್ಲವೂ ಏರಿ ನಿಮ್ಮ ಲೆಕ್ಕವೇ ತಪ್ಪುತ್ತದೆ. ಐದು ನಿಮಿಷ ದೂರ ನಿಂತು ನೋಡಿ. ಹಿಂಡು ಮೇಯುವಾಗ ಇದು ಮೇಯುತ್ತಿದೆಯೆ? ಹಿಂಡು ಮಲಗಿ ಮೆಲುಕು ಹಾಕುವಾಗ ಇದು ಒಂಟಿಯಾಗಿ ನಿಂತಿದೆಯೆ? ಹಲ್ಲು ಕಡಿಯುವ ಸದ್ದು ಬರುತ್ತಿದೆಯೆ? ಮೆಲುಕು ನಿಂತಿದ್ದರೆ ಅದನ್ನು ಲಘುವಾಗಿ ಕಾಣಬಾರದು. ಮೆಲುಕು ಹಾಕಲು ಕುರಿಗೆ ನೆಮ್ಮದಿ ಬೇಕು. ನೋವು, ಜ್ವರ, ಭಯ ಮೂರೂ ಅದನ್ನು ನಿಲ್ಲಿಸುತ್ತವೆ.

ದೂರದಿಂದಲೇ ಪಕ್ಕೆಯ ಏರಿಳಿತ ಎಣಿಸಿ. ತಂಪು ಹೊತ್ತಿನಲ್ಲಿ ದೊಡ್ಡ ಕುರಿ ನಿಮಿಷಕ್ಕೆ ಸುಮಾರು 15ರಿಂದ 30 ಸಲ ಉಸಿರಾಡುತ್ತದೆ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಆರೋಗ್ಯವಾದ ಕುರಿಯೂ ಇದರ ಹಲವು ಪಟ್ಟು ಏದುಸಿರು ಬಿಡುತ್ತದೆ. ಆದ್ದರಿಂದ ಪಕ್ಕದ ನೆರಳಿನಲ್ಲಿರುವ ಇನ್ನೊಂದು ಕುರಿಯ ಉಸಿರನ್ನೂ ಎಣಿಸಿ ಹೋಲಿಸುವುದು ಒಳ್ಳೆಯದು. ಉಷ್ಣತೆಯ ವಿಷಯದಲ್ಲೂ ಹೀಗೆಯೇ. ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದಾಗ 38.5ರಿಂದ 39.5 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಮಾನ್ಯ. ಮರಿಗಳಲ್ಲಿ ಮತ್ತು ಬಿಸಿಲಿನ ದಿನ ಇದು 40ರ ಹತ್ತಿರ ಹೋಗಬಹುದು.

ಒಳಗೆ ಸೋರುವ ರಕ್ತ

ಈಗ ಲಾರಿ ತಾಗಿದ ಕುರಿಗೆ ಮತ್ತು ಪಲ್ಲಕ್ಕಿಯಿಂದ ಬಿದ್ದ ಮರಿಗೆ ಮರಳೋಣ. ಇವುಗಳಿಗೆ ಅತಿ ದೊಡ್ಡ ಅಪಾಯ ಹೊಟ್ಟೆ ಮತ್ತು ಎದೆಯೊಳಗಿನ ರಕ್ತಸ್ರಾವ. ಯಕೃತ್ತು ಮೆತ್ತನೆಯ, ರಕ್ತ ತುಂಬಿದ ಅಂಗ. ಎಳೆಯ ಮರಿಗಳಲ್ಲಿ ಅದು ದೇಹಕ್ಕೆ ಹೋಲಿಸಿದರೆ ದೊಡ್ಡದಾಗಿರುತ್ತದೆ, ಪಕ್ಕೆಲುಬುಗಳೂ ಇನ್ನೂ ಮೆತ್ತಗಿದ್ದು ಸರಿಯಾದ ರಕ್ಷಣೆ ಕೊಡಲಾರವು. ಎತ್ತರದಿಂದ ಬಿದ್ದಾಗ ಅಥವಾ ಜನರ ಕಾಲಿಗೆ ಸಿಕ್ಕಾಗ ಯಕೃತ್ತು ಸೀಳಬಹುದು. ತುಂಬಿದ ಮೂತ್ರಕೋಶ ಒಡೆಯಬಹುದು. ಹೊರಗೆ ಚರ್ಮ ಕೂಡ ತರಚಿರುವುದಿಲ್ಲ.

ಲೆಕ್ಕ ಹಾಕಿ ನೋಡಿ. ಐದು ಕಿಲೋ ತೂಕದ ಮರಿಯ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 300ರಿಂದ 400 ಮಿಲಿಲೀಟರ್. ಅದರಲ್ಲಿ ಮೂರನೇ ಒಂದು ಭಾಗ, ಅಂದರೆ ಒಂದು ಚಹಾ ಲೋಟದಷ್ಟು, ಹೋದರೆ ಪ್ರಾಣಕ್ಕೆ ಅಪಾಯ. ಇಷ್ಟು ರಕ್ತ ಹೊಟ್ಟೆಯೊಳಗೆ ನಿಂತರೆ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಮೂವತ್ತು ಕಿಲೋ ಕುರಿಯಲ್ಲಿ ಒಟ್ಟು ರಕ್ತ ಸುಮಾರು ಎರಡು ಲೀಟರಿಗಿಂತ ಹೆಚ್ಚಿಲ್ಲ.

ಇದನ್ನು ಪತ್ತೆ ಹಚ್ಚಲು ಯಂತ್ರ ಬೇಕಿಲ್ಲ. ತುಟಿ ಮೇಲೆತ್ತಿ ಒಸಡು ನೋಡಿ. ಕಪ್ಪು ಒಸಡಿನ ಕುರಿಯಾದರೆ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಜಗ್ಗಿ ಅದರ ಒಳಪದರ ನೋಡಿ. ಅದು ಗುಲಾಬಿ ಕೆಂಪಾಗಿರಬೇಕು. ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳುಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ತೊಡೆಯ ಒಳಬದಿಯಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ; ದೊಡ್ಡ ಕುರಿಯಲ್ಲಿ ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ 70ರಿಂದ 80ರ ಆಸುಪಾಸು, ಮರಿಗಳಲ್ಲಿ ಇದಕ್ಕಿಂತ ಹೆಚ್ಚು. ಒಸಡು ಬಿಳಿಚಿ, ಬಣ್ಣ ತಡವಾಗಿ ಮರಳಿ, ನಾಡಿ ತೆಳ್ಳಗೆ ವೇಗವಾಗಿ ಓಡಿ, ಕಿವಿ ಮತ್ತು ಕಾಲಿನ ತುದಿ ತಣ್ಣಗಾಗಿದ್ದರೆ ಆ ಪ್ರಾಣಿ ಒಳಗೇ ರಕ್ತ ಕಳೆದುಕೊಳ್ಳುತ್ತಿದೆ ಎಂದು ತಿಳಿಯಬೇಕು. ಒಮ್ಮೆ ನೋಡಿ ಬಿಡಬಾರದು. ಮೊದಲ ಎರಡು ಗಂಟೆ ಕಾಲು ಗಂಟೆಗೊಮ್ಮೆ, ಆಮೇಲೆ ರಾತ್ರಿಯಲ್ಲೂ ಎರಡು ಮೂರು ಸಲ ನೋಡಬೇಕು. ಕೆಂಪಾಗಿದ್ದದ್ದು ಬಿಳಿಚುತ್ತ ಬಂದರೆ ಅದೇ ಎಚ್ಚರಿಕೆ.

ಇಲ್ಲಿ ಒಂದು ಗೊಂದಲಕ್ಕೆ ಅವಕಾಶವಿದೆ. ಮಳೆಗಾಲದ ನಂತರ ಹಿಮಾಂಕಸ್ ಎಂಬ ರಕ್ತ ಹೀರುವ ಜಂತುಹುಳು ಹೆಚ್ಚಾದಾಗಲೂ ಕಣ್ಣಿನ ಒಳಪದರ ಬಿಳಿಚುತ್ತದೆ. ದಕ್ಷಿಣ ಆಫ್ರಿಕದಲ್ಲಿ ಇದಕ್ಕೆಂದೇ ಫಮಾಚ ಎಂಬ ಬಣ್ಣದ ಪಟ್ಟಿ ತಯಾರಾಯಿತು. ಅದನ್ನು ರೂಪಿಸಿದ ವೈದ್ಯ ಫಫಾ ಮಲಾನ್ ಅವರ ಹೆಸರಿನ ಮತ್ತು 'ಚಾರ್ಟ್' ಪದದ ಮೊದಲ ಅಕ್ಷರಗಳಿಂದ ಈ ಹೆಸರು ಬಂದಿದೆ. ಹಿಂಡಿನ ಹಲವು ಕುರಿಗಳ ಕಣ್ಣು ಬಿಳಿಚಿದ್ದರೆ ಜಂತು. ನಿನ್ನೆ ಕೆಂಪಾಗಿದ್ದು ಇಂದು ಒಂದೇ ಕುರಿಯದು ಬಿಳಿಚಿದ್ದರೆ ರಕ್ತಸ್ರಾವ ಎಂದು ಅನುಮಾನಿಸಬೇಕು. ಹಿಂಡಿನ ಕಣ್ಣಿನ ಬಣ್ಣ ಮೊದಲೇ ಗೊತ್ತಿದ್ದವನಿಗೆ ಮಾತ್ರ ಈ ಹೋಲಿಕೆ ಸಾಧ್ಯ.

ಜಾತ್ರೆಗೆ ತಂದ ಮರಿಗಳಿಗೆ ಇನ್ನೊಂದು ತೊಂದರೆಯಿದೆ. ಅವು ತಾಯಿಯಿಂದ ಬೇರೆಯಾಗಿರುತ್ತವೆ, ಹಾಲು ಕುಡಿದು ಎಷ್ಟೋ ಹೊತ್ತಾಗಿರುತ್ತದೆ, ಜನವರಿಯ ಇರುಳು ತಣ್ಣಗಿರುತ್ತದೆ. ಪೆಟ್ಟು ಬೀಳದ ಮರಿಯೂ ಹಸಿವು ಮತ್ತು ಚಳಿಯಿಂದ ಕುಸಿಯಬಹುದು. ಬಾಯಿಯೊಳಗೆ ಬೆರಳಿಟ್ಟಾಗ ತಣ್ಣಗಿದ್ದರೆ, ಮೈ ಉಷ್ಣತೆ 37 ಡಿಗ್ರಿಗಿಂತ ಕೆಳಗಿದ್ದರೆ ಮೊದಲು ಕಂಬಳಿ ಸುತ್ತಿ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕಕ್ಕಿಟ್ಟು ಮೈ ಬೆಚ್ಚಗೆ ಮಾಡಬೇಕು. ತಣ್ಣಗಾದ ಮರಿಗೆ ಕೂಡಲೇ ಹಾಲು ಹೊಯ್ಯುವುದು ಅಪಾಯ. ಅದು ನುಂಗಲಾರದೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ದೊಡ್ಡ ಕುರಿಗೂ ಇದೇ ನಿಯಮ. ಬಿದ್ದ ಕುರಿಯ ಬಾಯಿ ಅಗಲಿಸಿ ನೀರು, ಗಂಜಿ ಹೊಯ್ಯುವುದು ನಮ್ಮಲ್ಲಿ ಪ್ರೀತಿಯಿಂದಲೇ ನಡೆಯುವ ಕೆಲಸ. ಅದರಿಂದ ಸತ್ತ ಕುರಿಗಳು ಕಡಿಮೆಯಿಲ್ಲ.

ಕುಂಟುವ ಕುರಿ

ಕುಂಟು ಕಣ್ಣಿಗೆ ಬೀಳುವ ಲಕ್ಷಣ, ಆದ್ದರಿಂದ ಇದನ್ನು ಬೇಗ ಹೇಳಿ ಮುಗಿಸಬಹುದು. ಒಂದೇ ಕುರಿ ಕುಂಟಿದರೆ ಗೊರಸಿನ ಸಂದು ನೋಡಿ. ಬಳ್ಳಾರಿ ಜಾಲಿಯ ಮುಳ್ಳು ಮುರಿದು ಒಳಗೆ ಉಳಿದಿರಬಹುದು, ಎರೆಮಣ್ಣು ಒಣಗಿ ಕಲ್ಲಿನಂತೆ ಕಚ್ಚಿರಬಹುದು. ಏಕಕಾಲಕ್ಕೆ ಹಲವು ಕುರಿಗಳು ಕುಂಟತೊಡಗಿದರೆ ಅದು ಗಾಯವಾಗಿರಲಾರದು. ಗೊರಸು ಕೊಳೆ, ಕಾಲುಬಾಯಿ ಬೇನೆ, ಮಳೆಗಾಲ ಮುಗಿಯುವ ಹೊತ್ತಿಗೆ ಗುಂಗಾಡಿನಂಥ ಸಣ್ಣ ನೊಣಗಳಿಂದ ಹರಡುವ ನೀಲಿ ನಾಲಿಗೆ ರೋಗ ಇವೆಲ್ಲವೂ ಕುಂಟಿಸುತ್ತವೆ. ತುಟಿ ಊದಿ ಜೊಲ್ಲು ಸುರಿದರೆ ಹಿಂಡನ್ನು ಇನ್ನೊಂದು ಊರಿಗೆ ಹೊಡೆಯದೆ ಅಲ್ಲಿಯೇ ನಿಲ್ಲಿಸಿ ವೈದ್ಯರನ್ನು ಕರೆಸಬೇಕು.

ಮೊಣಕಾಲಿನ ಕೆಳಗೆ ಮೂಳೆ ಮುರಿದರೆ ಕುರಿಗಾರರು ಬಿದಿರಿನ ದಬ್ಬೆ ಕಟ್ಟುವುದು ಒಳ್ಳೆಯ ವಿದ್ಯೆ. ದಬ್ಬೆಗೂ ಚರ್ಮಕ್ಕೂ ನಡುವೆ ಉಣ್ಣೆ ಅಥವಾ ಹತ್ತಿ ದಪ್ಪವಾಗಿರಬೇಕು. ಮುರಿತದ ಮೇಲಿನ ಮತ್ತು ಕೆಳಗಿನ ಕೀಲು ಎರಡೂ ಅಲುಗದಂತೆ ಕಟ್ಟಬೇಕು. ಗೊರಸಿನ ತುದಿ ಕಾಣುವಂತಿರಲಿ. ಅದು ಊದಿದರೆ, ತಣ್ಣಗಾದರೆ ಕಟ್ಟು ಬಿಗಿಯಾಯಿತು ಎಂದರ್ಥ. ಎಳೆಯ ಮರಿಗಳಲ್ಲಿ ಮೂರು ನಾಲ್ಕು ವಾರಗಳಲ್ಲಿ ಮೂಳೆ ಕೂಡುತ್ತದೆ. ಆದರೆ ತೊಡೆಯ ಅಥವಾ ತೋಳಿನ ಮೂಳೆ ಮುರಿದಾಗ ದಬ್ಬೆ ಕಟ್ಟಬಾರದು. ಮೇಲಿನ ಕೀಲನ್ನು ಹಿಡಿಯಲಾಗದ ದಬ್ಬೆ ಕಾಲಿಗೆ ಜೋತುಬಿದ್ದ ಭಾರವಾಗಿ ಮುರಿತವನ್ನು ಇನ್ನಷ್ಟು ಅಲುಗಿಸುತ್ತದೆ. ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ ಶುದ್ಧವಾದ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಸಾಗಿಸುವುದೊಂದೇ ದಾರಿ.

ಉಣ್ಣೆಯ ಕೆಳಗೆ

ನಾಯಿ ಕಚ್ಚಿದ ಗಾಯ ಮೇಲೆ ಎರಡು ಸಣ್ಣ ತೂತಿನಂತೆ ಕಾಣುತ್ತದೆ. ಹಲ್ಲು ಊರಿ ಎಳೆದಾಡಿದ್ದರಿಂದ ಕೆಳಗಿನ ಮಾಂಸ ಹರಿದು ಚರ್ಮ ಬೇರೆಯಾಗಿರುತ್ತದೆ. ಆದ್ದರಿಂದ ಉಣ್ಣೆ ಕತ್ತರಿಸಿ ನೋಡದ ಹೊರತು ಗಾಯ ಇಷ್ಟೇ ಎಂದು ಹೇಳಬಾರದು. ಕೈಗೆ ಗವುಸು ಹಾಕಿಕೊಂಡು ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆಯಬೇಕು. ಹುಚ್ಚುನಾಯಿ ರೋಗದ ವೈರಸ್ ಸಾಬೂನಿಗೆ ನಾಶವಾಗುತ್ತದೆ. ಕಚ್ಚಿಸಿಕೊಂಡ ಪ್ರಾಣಿಗೆ 0, 3, 7, 14 ಮತ್ತು 28ನೇ ದಿನ ಎಂಬ ಕ್ರಮದಲ್ಲಿ ಲಸಿಕೆ ಕೊಡುವ ರೂಢಿಯಿದೆ. ಮೊದಲ ಚುಚ್ಚುಮದ್ದಿಗೆ ತಡಮಾಡಬಾರದು. ಕಚ್ಚಿ ಕೆಲವು ವಾರಗಳಾದ ಮೇಲೆ ಕುರಿ ಜೊಲ್ಲು ಸುರಿಸಿ ನುಂಗಲಾರದೆ ನಿಂತರೆ, ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬರಿಗೈ ಹಾಕಲೇಬಾರದು.

ತೂತಿನಂಥ ಗಾಯ, ಮುರಿದ ಕೊಂಬಿನ ಬುಡ, ಮರಿಯ ಹೊಕ್ಕುಳು ಇವು ನೊಣಗಳಿಗೆ ಮೆಚ್ಚಿನ ಜಾಗ. ನೊಣ ಇಟ್ಟ ಮೊಟ್ಟೆ ಒಂದು ದಿನದೊಳಗೆ ಒಡೆದು ಹುಳು ಮಾಂಸ ಕೊರೆಯುತ್ತ ಒಳಹೋಗುತ್ತದೆ. ಹುಳು ಬಿದ್ದ ಗಾಯಕ್ಕೆ ಸೀಮೆಎಣ್ಣೆ, ಗಾಡಿಯ ಹಳೆ ಆಯಿಲ್, ಫಿನಾಯಿಲ್ ಹೊಯ್ಯುವುದುಂಟು. ಹುಳು ಸಾಯುವುದೇನೋ ನಿಜ, ಜೊತೆಗೆ ಜೀವಂತ ಮಾಂಸವೂ ಸುಟ್ಟು ಗಾಯ ದೊಡ್ಡದಾಗುತ್ತದೆ. ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ತೂತಿನ ಬಾಯಿಗಿಟ್ಟರೆ ಹುಳುಗಳು ಉಸಿರಿಗಾಗಿ ಹೊರಬರುತ್ತವೆ, ಆಗ ಚಿಮಟದಿಂದ ತೆಗೆಯಬಹುದು. ಸೀತಾಫಲದ ಎಲೆ ಅರೆದು ತುಂಬುವ ಹಳ್ಳಿ ಪದ್ಧತಿಯೂ ಇದೆ. ಆ ಗಿಡದಲ್ಲಿ ಕೀಟನಾಶಕ ಗುಣವಿರುವುದು ನಿಜ, ಆದರೆ ತೊಳೆಯದ ಎಲೆಯಿಂದ ಗಾಯ ನಂಜಾಗಬಹುದು. ತೆಗೆದ ಹುಳುಗಳನ್ನು ನೆಲಕ್ಕೆ ಚೆಲ್ಲದೆ ಸುಡಬೇಕು. ಇಲ್ಲದಿದ್ದರೆ ಅವು ಮಣ್ಣಿನಲ್ಲಿ ಕೋಶ ಕಟ್ಟಿ ನೊಣವಾಗಿ ಅದೇ ಹಿಂಡಿಗೆ ಮರಳುತ್ತವೆ.

ಮನೆಯಲ್ಲಿ ಉಳಿದ ಗುಳಿಗೆ

ಮನುಷ್ಯರಿಗೆ ತಂದು ಉಳಿದ ಗುಳಿಗೆಗಳನ್ನು ಕುರಿಗೆ ನುಂಗಿಸುವ ಅಭ್ಯಾಸ ಹೆಚ್ಚುತ್ತಿದೆ. ಕುರಿಯ ಮೊದಲ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿದ್ದು, ಹುಲ್ಲನ್ನು ಜೀರ್ಣಿಸುವ ಕೆಲಸ ಅವುಗಳದ್ದೇ. ಆಂಟಿಬಯಾಟಿಕ್ ಗುಳಿಗೆ ನುಂಗಿಸಿದರೆ ಅವೂ ಸಾಯುತ್ತವೆ, ಕುರಿ ಮೇವು ಬಿಡುತ್ತದೆ. ಪಟ್ಟಣದ ಮನೆಗಳಲ್ಲಿ ಮಕ್ಕಳು ಸಾಕುವ ಗಿನಿಪಿಗ್‌ಗಳಲ್ಲಿ ಇದು ಇನ್ನೂ ತೀವ್ರ. ಪೆನಿಸಿಲಿನ್ ಗುಂಪಿನ ಔಷಧ ಅವುಗಳ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು, ವಿಷಕಾರಿ ಕ್ಲಾಸ್ಟ್ರಿಡಿಯಮ್ ಬೆಳೆಯಲು ದಾರಿ ಮಾಡಿ, ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯಬಲ್ಲದು. ಗಿನಿಪಿಗ್ ಮೈ ಉಬ್ಬಿಸಿ ಮೂಲೆಯಲ್ಲಿ ಕುಳಿತು, ಅರ್ಧ ದಿನ ಏನೂ ತಿನ್ನದಿದ್ದರೆ ಅದನ್ನು ತುರ್ತುಸ್ಥಿತಿಯೆಂದೇ ಭಾವಿಸಿ ವೈದ್ಯರಲ್ಲಿಗೆ ಒಯ್ಯಬೇಕು.

ನೋವಿನ ಔಷಧದಲ್ಲೂ ಎಚ್ಚರ ಬೇಕು. ಡೈಕ್ಲೋಫಿನಾಕ್ ಕೊಟ್ಟ ಜಾನುವಾರು ಸತ್ತಾಗ ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುವುದು ತಿಳಿದ ಮೇಲೆ, 2006ರಲ್ಲಿ ಭಾರತ ಸರ್ಕಾರ ಜಾನುವಾರುಗಳಿಗೆ ಅದರ ಬಳಕೆಯನ್ನು ತಡೆಯಿತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫಿನಾಕ್‌ಗಳನ್ನೂ ನಿಷೇಧಿಸಲಾಯಿತು. ಮೆಲಾಕ್ಸಿಕ್ಯಾಮ್ ಎಂಬ ಔಷಧ ಹದ್ದುಗಳಿಗೆ ಸುರಕ್ಷಿತ, ಕುರಿಗೂ ಆಗುತ್ತದೆ. ಪ್ರಮಾಣವನ್ನು ವೈದ್ಯರೇ ಹೇಳಬೇಕು.

ವೈದ್ಯರಿಗೆ ಹೇಳಬೇಕಾದದ್ದು

ಶಹಾಪುರ, ಸುರಪುರ, ಯಾದಗಿರಿಗಳಲ್ಲಿ ಪಶು ಆಸ್ಪತ್ರೆಗಳಿವೆ. ಆದರೆ ಕಾಲುವೆ ಬಯಲಿನಲ್ಲಿ ಹೊಲದಿಂದ ಹೊಲಕ್ಕೆ ಹಟ್ಟಿ ಹಾಕುತ್ತ ಹೋಗುವ ಕುರಿಗಾರನಿಗೆ ಆಸ್ಪತ್ರೆ ಹತ್ತಿರದಲ್ಲಿರುವುದು ಅಪರೂಪ. 2022ರಲ್ಲಿ ರಾಜ್ಯದಲ್ಲಿ ಸಂಚಾರಿ ಪಶು ಚಿಕಿತ್ಸಾ ವಾಹನಗಳು ಆರಂಭವಾದವು. ಅವನ್ನು ಕರೆಯಲು 1962 ಸಂಖ್ಯೆಗೆ ದೂರವಾಣಿ ಮಾಡಬೇಕು. "ಕುರಿಗೆ ಆರಾಮಿಲ್ಲ" ಎಂದಷ್ಟೇ ಹೇಳಿದರೆ ಯಾವುದು ತುರ್ತು ಎಂದು ಅವರಿಗೆ ತಿಳಿಯದು. ಪೆಟ್ಟು ಬಿದ್ದು ಎಷ್ಟು ಹೊತ್ತಾಯಿತು, ಒಸಡಿನ ಬಣ್ಣ, ಉಸಿರಿನ ಎಣಿಕೆ, ಉಷ್ಣತೆ, ಪೆಟ್ಟಿನ ನಂತರ ಮೂತ್ರ ಮಾಡಿದೆಯೆ, ಗಬ್ಬವಿದೆಯೆ, ಸುಮಾರು ತೂಕ ಇವನ್ನು ಹೇಳಿ. ಮೂತ್ರದ ಪ್ರಶ್ನೆ ಸಣ್ಣದೆನಿಸಬಹುದು, ಆದರೆ ಮೂತ್ರಕೋಶ ಒಡೆದಿರುವ ಸುಳಿವು ಅದರಿಂದಲೇ ಸಿಗುತ್ತದೆ. ಗಾಯಕ್ಕೆ ಧನುರ್ವಾಯುವಿನ ಚುಚ್ಚುಮದ್ದು ಬೇಕೆ ಎಂದೂ ಕೇಳಿ.

ಸಾಗಿಸುವಾಗ ನಾಲ್ಕು ಕಾಲು ಕಟ್ಟಿ ಬೈಕಿನ ಮೇಲೆ ತಲೆ ಕೆಳಗಾಗಿ ಹಾಕಬೇಡಿ. ಗೋಣಿಚೀಲವನ್ನು ಜೋಳಿಗೆಯಂತೆ ಹಿಡಿದು ಎದೆ ಹೊಟ್ಟೆಗಳಿಗೆ ಆಸರೆ ಕೊಟ್ಟು ಎತ್ತಿ, ಎದೆಯ ಮೇಲೆ ಕೂರುವಂತೆ ಮಲಗಿಸಿ. ಒಂದೇ ಮಗ್ಗುಲಿಗೆ ಮಲಗಿದರೆ ಹೊಟ್ಟೆ ಉಬ್ಬಿ ಉಸಿರು ಕಟ್ಟುತ್ತದೆ.

ಇಷ್ಟೆಲ್ಲ ಮಾಡಿಯೂ ಕುರಿ ಸತ್ತರೆ ಹೂಳುವ ಮುನ್ನ ವೈದ್ಯರಿಂದ ಶವಪರೀಕ್ಷೆ ಮಾಡಿಸಿ. ಅನುಗ್ರಹ ಯೋಜನೆಯಲ್ಲಿ ಪರಿಹಾರ ಕೇಳಲು ಅವರ ಪ್ರಮಾಣಪತ್ರ ಬೇಕಾಗುತ್ತದೆ. ಹೊಟ್ಟೆ ಬಿಚ್ಚಿದಾಗ ಹೆಪ್ಪುಗಟ್ಟಿದ ಕಪ್ಪು ರಕ್ತ ತುಂಬಿದ್ದು, ಯಕೃತ್ತಿನ ಮೇಲೆ ಬೆರಳುದ್ದದ ಸೀಳು ಕಂಡರೆ, ಹಿಂದಿನ ಸಂಜೆ ಎದ್ದು ಓಡಿದ ಕುರಿ ಬೆಳಗಾಗುವುದರೊಳಗೆ ಏಕೆ ಸತ್ತಿತು ಎಂಬುದು ಕುರಿಗಾರನ ಕಣ್ಣಿಗೇ ಕಾಣುತ್ತದೆ.